ತಾರಸಿಯ ಮೇಲೆ ಹೆಂಚು

ರಾಜಾಜಿನಗರದ ಮನೆಗಳಿಗೆಲ್ಲ ಇಳಿಜಾರು ಮಾಡು ಕಟ್ಟಿಸಿ, ಮೇಲೆ ಹೆಂಚು ಹೊದಿಸಿ, ಮುಂದೆ ಹುಲ್ಲಿನ ಅಂಗಳ ಬಿಡಿಸಿದರೆ ಹೇಗೆ ಕಂಡೀತು? ನೋಡಬೇಕೆಂಬ ಕುತೂಹಲವುಳ್ಳ ವಾಚಕರು ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಡುಗರನ್ನು ವಿಚಾರಿಸಬಹುದು. 2017ರಲ್ಲಿ ಹೊರಬಂದ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರಿನ 11ನೆಯ ಆವೃತ್ತಿಯಲ್ಲಿ ನಮ್ಮ ಬಡಾವಣೆಗಳ ಮೇಲೆ ಹಾರಿದರೆ, ಕೆಳಗೆ ಕಾಣುವ ರಸ್ತೆಗಳೇನೋ ನಮ್ಮವೇ. ಅವುಗಳ ಇಕ್ಕೆಲದ ಮನೆಗಳು ಮಾತ್ರ ಅಮೆರಿಕದವು, ಇಲ್ಲವೆ ಯೂರೋಪಿನವು. ತಾರಸಿಯ ಮೇಲಿನ ಕಪ್ಪು ನೀರಿನ ತೊಟ್ಟಿಯಿಲ್ಲ, ಒಣಹಾಕಿದ ಬಟ್ಟೆಯಿಲ್ಲ, ಕಾಂಪೌಂಡಿನೊಳಗಿನ ತೆಂಗಿನ ಮರವಿಲ್ಲ.

ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಭೂಮಂಡಲದ ಮನೆಗಳನ್ನು ಒಂದೊಂದಾಗಿ ಬರೆದು ಮುಗಿಸುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಇಂಥ ಕಡೆ ಮನೆಯೊಂದಿದೆ ಎಂದಷ್ಟೇ ಯಂತ್ರಕ್ಕೆ ಗೊತ್ತು; ತನ್ನ ಉಗ್ರಾಣದಲ್ಲಿರುವ ಮನೆಯೊಂದನ್ನು ತೆಗೆದು ಅಲ್ಲಿ ಇಟ್ಟುಬಿಡುತ್ತದೆ. 1982ರಲ್ಲಿ ಮೈಕ್ರೋಸಾಫ್ಟ್ ಮೊದಲ ಸಿಮ್ಯುಲೇಟರನ್ನು ಮಾರಾಟಕ್ಕೆ ತಂದಾಗ ಅದರಲ್ಲಿದ್ದುದು ಅಮೆರಿಕದ ನಾಲ್ಕು ಪ್ರದೇಶಗಳು ಮಾತ್ರ. ಅವೂ ಕೆಲವು ಗೆರೆಗಳ ಚಿತ್ರ. 2020ರ ಆಗಸ್ಟ್ 18ರಂದು ಬಂದ ಅದೇ ಹೆಸರಿನ ಸಿಮ್ಯುಲೇಟರಿನಲ್ಲಾದರೋ ಇಡೀ ಭೂಗೋಳವೇ ಇದೆ. ಆಕಾಶದಿಂದ ತೆಗೆದ ಛಾಯಾಚಿತ್ರಗಳನ್ನು ಯಂತ್ರಕ್ಕೆ ಓದಿಸಿ, ಆಸ್ಟ್ರಿಯಾದ ಸಂಸ್ಥೆಯೊಂದು ಸುಮಾರು 150 ಕೋಟಿ ಕಟ್ಟಡಗಳನ್ನು ಎಬ್ಬಿಸಿಕೊಟ್ಟಿತು. ಆದರೂ ಊಹೆ ಊಹೆಯೇ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮನೆಯ ಅಗಲ ತಿಳಿದೀತು. ಎತ್ತರ ತಿಳಿಯುವುದು ಕಷ್ಟ.

ವಿಜಯನಗರದಲ್ಲಿರುವ ನನ್ನ ಮಿತ್ರರೊಬ್ಬರ ಮಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾನೆ. ಪೈಲಟ್ ಆಗಬೇಕೆಂಬ ಹಂಬಲ. ಸದ್ಯಕ್ಕೆ ಬೇಕಾಗಿರುವುದು ಅರವತ್ತು ಸಾವಿರ ರೂಪಾಯಿಯ ಗ್ರಾಫಿಕ್ಸ್ ಕಾರ್ಡು. “ಮೇಷ್ಟ್ರೇ, ಕೊಡಿಸಿದರೆ ಪರೀಕ್ಷೆ ಕೆಡುತ್ತದೆ, ಕೊಡಿಸದಿದ್ದರೆ ಮನೆಯ ನೆಮ್ಮದಿ ಕೆಡುತ್ತದೆ. ನೀವೇ ಹೇಳಿ” ಎಂದು ತಂದೆ ನನ್ನನ್ನು ಪಂಚಾಯಿತಿಗೆ ಕರೆದರು. ಕನ್ನಡ ಪಾಠ ಹೇಳುವವನಿಗೆ ಈ ಪಂಚಾಯಿತಿಯೇಕೆಂದು ಕೇಳಬಹುದು. ಹುಡುಗನ ಪಕ್ಕದಲ್ಲಿ ಕುಳಿತು ಹಾರುವ ಚಪಲ ನನಗೂ ಇದೆಯೆಂಬುದು ಅವರಿಗೆ ಗೊತ್ತಿತ್ತು.

ದೂರು ಇಷ್ಟೇ. ನಗರದ ಮೇಲೆ ಹಾರುವಾಗ ದೃಶ್ಯ ಕುಂಟುತ್ತದೆ. ಸೆಕೆಂಡಿಗೆ ಇಪ್ಪತ್ತು ಫ್ರೇಮುಗಳೂ ಸರಿಯಾಗಿ ಮೂಡುವುದಿಲ್ಲ. ಸಿನಿಮಾದಲ್ಲಿ 24 ಫ್ರೇಮುಗಳೇ ಸಾಕಲ್ಲವೆ ಎಂದು ತಂದೆಯವರ ವಾದ. ಸಾಕು, ನಿಜ, ಆದರೆ ಸಿನಿಮಾ ನೋಡುವವನ ಕೈಯಲ್ಲಿ ಚುಕ್ಕಾಣಿ ಇರುವುದಿಲ್ಲ. ವಿಮಾನ ಇಳಿಸುವವನು ರನ್‌ವೇ ತನ್ನ ಕಣ್ಣಿನತ್ತ ಏರಿಬರುವ ವೇಗವನ್ನು ನೋಡಿಯೇ ಎತ್ತರವನ್ನು ಅಂದಾಜು ಮಾಡುತ್ತಾನೆ. ಚಿತ್ರ ತಡವಾಗಿ ಬಂದರೆ ಅವನ ಕೈ ಹಳೆಯ ಚಿತ್ರಕ್ಕೆ ಉತ್ತರ ಕೊಡುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಏರುಪೇರು: ಒಮ್ಮೆ ಅರವತ್ತು, ಮರುಕ್ಷಣ ಹದಿನೈದು. ಆದಷ್ಟೂ ಸಮವಾಗಿ ಬರುವ ಮೂವತ್ತು ಇದಕ್ಕಿಂತ ಎಷ್ಟೋ ಮೇಲು.

ಹಣ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡೋಣವೆಂದೆ. ದೃಶ್ಯ ಮೂಡಿಸುವ ಕೆಲಸದಲ್ಲಿ ಇಬ್ಬರು ದುಡಿಯುತ್ತಾರೆ. ವಿಮಾನದ ಚಲನೆಯನ್ನು ಲೆಕ್ಕ ಹಾಕಿ, ಎಲ್ಲೆಲ್ಲಿ ಯಾವ ಮನೆ, ಯಾವ ಮರ ಎಂದು ಪಟ್ಟಿ ಮಾಡಿಕೊಡುವುದು ಪ್ರೊಸೆಸರು. ಆ ಪಟ್ಟಿಯನ್ನು ನೋಡಿ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡು. 1920ಕ್ಕೆ 1080ರ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳು. 4ಕೆ ಎನ್ನುವ ಪರದೆಯಲ್ಲಿ ಅದರ ನಾಲ್ಕರಷ್ಟು. ಆದುದರಿಂದ ಪರದೆಯ ಚುಕ್ಕೆಗಳನ್ನು ಅರ್ಧಕ್ಕೆ ಇಳಿಸಿ ನೋಡಬೇಕು. ಫ್ರೇಮುಗಳು ಥಟ್ಟನೆ ಏರಿದರೆ ಬಳಲಿದ್ದುದು ಕಾರ್ಡು. ಏರದಿದ್ದರೆ ಬಳಲಿದ್ದುದು ಪ್ರೊಸೆಸರು. ಎಷ್ಟು ದೊಡ್ಡ ಕಾರ್ಡು ತಂದರೂ ಅದು ಪಟ್ಟಿಗಾಗಿ ಕಾಯುತ್ತ ಕೂರಬೇಕು. ನಮ್ಮ ಪರೀಕ್ಷೆಯಲ್ಲಿ ಫ್ರೇಮುಗಳು ಇದ್ದಲ್ಲಿಯೇ ಇದ್ದವು. ಮನೆ ಮರಗಳ ಸಾಂದ್ರತೆಯನ್ನು ಒಂದು ಮೆಟ್ಟಿಲು ಇಳಿಸಿದೆವು, ಮೂವತ್ತು ದಾಟಿತು. ಎಸ್.ಪಿ. ರಸ್ತೆಯ ಅಂಗಡಿಗಾರರೊಬ್ಬರಿಗೆ ಆ ದಿನ ವ್ಯಾಪಾರ ತಪ್ಪಿತು.

ಹುಡುಗನ ಮುಖ ಸಣ್ಣದಾಯಿತು. “ಮನೆಗಳು ಕಡಿಮೆಯಾದವಲ್ಲ, ಸಾರ್” ಎಂದ. ಕಡಿಮೆಯಾದುದು ಯಾರದೋ ಹೆಂಚಿನ ಮನೆಗಳು ಎಂದು ಸಮಾಧಾನ ಹೇಳಿದೆ. ಸಮಾಧಾನವಾಗಲಿಲ್ಲ.

ಎಡ್ವಿನ್ ಲಿಂಕ್ ಎಂಬ ಅಮೆರಿಕನ್ನನು 1929ರಲ್ಲಿ, ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ, ಪೈಲಟರ ತರಬೇತಿಗೆ ಪೆಟ್ಟಿಗೆಯೊಂದನ್ನು ಮಾಡಿದ. ಮೇಲೆ ಮುಚ್ಚಳವೆಳೆದರೆ ಒಳಗೆ ಕುಳಿತವನಿಗೆ ಹೊರಗಿನ ದೃಶ್ಯವೇ ಇಲ್ಲ. ಮುಳ್ಳುಗಳನ್ನು ನಂಬಿ ಹಾರುವುದನ್ನು ಕಲಿಯಬೇಕು. ಅಂಥ ಅಭ್ಯಾಸಕ್ಕೆ ಇಂದಿಗೂ ದೃಶ್ಯ ಬೇಕಾಗಿಲ್ಲ. ಆದರೆ ಜಕ್ಕೂರಿನ ತರಬೇತಿ ಶಾಲೆಯಂಥ ಕಡೆ ಸಣ್ಣ ವಿಮಾನದಲ್ಲಿ ಕಲಿಯುವವನು ಮೊದಲು ಕಲಿಯುವುದು ನೆಲವನ್ನು ಓದುವುದನ್ನು. ಕೆಂಗೇರಿಯ ಕಡೆ ಹೋಗಬೇಕಾದರೆ ಮೈಸೂರಿನ ರೈಲು ಹಳಿ, ಹೆದ್ದಾರಿ, ವೃಷಭಾವತಿಯ ಕಣಿವೆ, ಜ್ಞಾನಭಾರತಿಯ ಹಸಿರು, ಇವೇ ಕೈಮರಗಳು. ಇಲ್ಲಿ ಬೇಕಾದುದು ಅಂದವಲ್ಲ, ನಿಜ. ಮೆಟ್ರೋ ಸೇತುವೆ ರಾಜಾಜಿನಗರಕ್ಕೆ ಬಂದುದು 2014ರಲ್ಲಿ, ವಿಜಯನಗರಕ್ಕೆ ಬಂದುದು 2015ರಲ್ಲಿ, ಕೆಂಗೇರಿ ಮುಟ್ಟಿದುದು 2021ರಲ್ಲಿ. ಅದಕ್ಕೂ ಹಿಂದಿನ ಮಾಹಿತಿಯಿಂದ ಕಟ್ಟಿದ ದೃಶ್ಯದಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಬೆಟ್ಟಗಳ ಕಥೆಯೂ ಹೀಗೆಯೇ. ಮಾಗಡಿಯ ಬಳಿಯ ಸಾವನದುರ್ಗ 1,226 ಮೀಟರ್ ಎತ್ತರದ ಏಕಶಿಲೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ನೆಲದ ಏರಿಳಿತವನ್ನು ಅಳೆಯಿತು. ಆ ಅಳತೆಯಲ್ಲಿ 90 ಮೀಟರಿಗೊಂದು ಬಿಂದುವನ್ನು ಹಿಡಿದರೆ ಬಂಡೆಯ ಕಡಿದಾದ ಮೈ ಮೊಂಡಾಗಿ ದಿಬ್ಬದಂತೆ ತೋರುತ್ತದೆ. 30 ಮೀಟರಿಗೊಂದು ಹಿಡಿದರೆ ಸಾವನದುರ್ಗ ಸಾವನದುರ್ಗವಾಗುತ್ತದೆ. ಇಂಥ ಸೂಕ್ಷ್ಮ ನೆಲದ ದೃಶ್ಯಗಳು ಎಕ್ಸ್-ಪ್ಲೇನಿಗೆ ಉಚಿತವಾಗಿಯೇ ದೊರೆಯುತ್ತವೆ. ಮೆಮೊರಿ ಹೆಚ್ಚು ಬೇಡುತ್ತವೆ, ಅಷ್ಟೆ. ಮನೆಗಳ ಸಂಖ್ಯೆಗಿಂತ ಮೊದಲು ಇದನ್ನು ಸರಿಪಡಿಸಿಕೊಳ್ಳುವುದು ಜಾಣತನವೆಂದು ನನ್ನ ಮತ.

ಇನ್ನು ಮನೆಗಳ ವಿಚಾರ. 2020ರಲ್ಲಿ ಮೈಕ್ರೋಸಾಫ್ಟಿನ ಸಿಮ್ಯುಲೇಟರ್ ಬಂದ ಹೊಸತರಲ್ಲಿ, ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ಹೊರವಲಯದಲ್ಲಿ, ಸಣ್ಣಪುಟ್ಟ ಮನೆಗಳ ನಡುವೆ ಸೂಜಿಯಂತೆ 212 ಅಂತಸ್ತಿನ ಗೋಪುರವೊಂದು ನಿಂತಿದ್ದಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಯಾರೋ ಎರಡು ಅಂತಸ್ತು ಎನ್ನುವ ಕಡೆ 212 ಎಂದು ಒತ್ತಿದ್ದರು. ಎಲ್ಲರೂ ನಕ್ಕರು. ನನಗೆ ಅದರಲ್ಲಿ ಬೇರೊಂದು ಸ್ವಾರಸ್ಯ ತೋರಿತು: ಒಂದು ಬೀದಿಯ ಒಬ್ಬ ಸಾಮಾನ್ಯನು ಬರೆದ ಅಂಕಿಯನ್ನು ಜಗತ್ತೆಲ್ಲ ಹಾರುವ ಯಂತ್ರ ಅಕ್ಷರಶಃ ನಂಬಿತು!

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಮನೆಯ ಗಡಿ, ಅಂತಸ್ತುಗಳ ಸಂಖ್ಯೆ, ಮಾಡು ಇಳಿಜಾರೋ ಸಮತಟ್ಟೋ ಎಂಬುದನ್ನು ತುಂಬಲು ಅದರಲ್ಲಿ ಸ್ಥಳವಿದೆ. ಬಿಡಿಗಾಸೂ ಕೊಡದೆ ಪಡೆಯಬಹುದಾದ ಫ್ಲೈಟ್‌ಗೇರ್ ಎಂಬ ಸಿಮ್ಯುಲೇಟರಿಗೆ ಇದೇ ಮಾಹಿತಿಯಿಂದ ಕಟ್ಟಡಗಳನ್ನು ಎಬ್ಬಿಸುವ ಉಪಕರಣವಿದೆ. ಎಕ್ಸ್-ಪ್ಲೇನಿಗೂ ಈ ನಕ್ಷೆಯಿಂದ ಕಟ್ಟಿದ ದೃಶ್ಯಗಳುಂಟು. ಇಂದು ಬರೆದುದು ನಾಳೆಯೇ ಕಾಣಿಸದು. ದೃಶ್ಯವನ್ನು ಮತ್ತೆ ಕಟ್ಟಿದಾಗ ಕಾಣುತ್ತದೆ. ಹುಡುಗನಿಗೆ ಇದನ್ನು ಹೇಳಿದ ಮೇಲೆ ಮುಖ ಅರಳಿತು.

ಒಂದು ಮಾತು ಮಾತ್ರ ಭಾಷೆಯವನಾಗಿ ನಾನು ಎಚ್ಚರಿಸಬೇಕಾಯಿತು. ನಾವು ‘ಎರಡು ಮಹಡಿ ಮನೆ’ ಎಂದಾಗ ನೆಲದ ಮನೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಹೆಚ್ಚು. ನಕ್ಷೆಯವರು ಹಿಡಿಯುತ್ತಾರೆ, ಅವರಿಗೆ ಅದು ಮೂರು. ಇಷ್ಟನ್ನು ಮರೆತರೆ ವಿಜಯನಗರವೆಲ್ಲ ಒಂದೊಂದು ಅಂತಸ್ತು ಕುಗ್ಗಿಬಿಡುತ್ತದೆ. ಅವನು ಈಗ ಸಂಜೆ ಓದು ಮುಗಿಸಿ ನೋಟ್‌ಬುಕ್ ಹಿಡಿದು ತಮ್ಮ ಅಡ್ಡರಸ್ತೆಯಲ್ಲಿ ಅಂತಸ್ತು ಎಣಿಸುತ್ತಿದ್ದಾನೆ. ತಂದೆಯೂ ಜೊತೆಗೆ ಹೋಗುತ್ತಾರೆ. ಇಬ್ಬರ ಲೆಕ್ಕ ಕೂಡದ ಕಡೆ ಮನೆಯವರನ್ನೇ ಕೇಳುತ್ತಾರಂತೆ.