ಸ್ನೋಬೋರ್ಡ್ ಮತ್ತು ನಮ್ಮ ಹಲಗೆ



ವಿದೇಶದಲ್ಲಿರುವ ಮೊಮ್ಮಗಳು ಮೊನ್ನೆ ದೂರವಾಣಿಯಲ್ಲಿ, "ತಾತ, ಸ್ನೋಬೋರ್ಡ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು. ಆ ಪದ ಕಿವಿಗೆ ಬೀಳುತ್ತಲೇ ನನ್ನ ಹಳೆಯ ತಪ್ಪೊಂದು ನೆನಪಾಯಿತು.

1998ರ ಫೆಬ್ರವರಿ. ಜಪಾನಿನ ನಾಗಾನೊದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಸೇರಿತ್ತು. ತರಗತಿಯಲ್ಲಿ ಪತ್ರಿಕೆ ಓದಿಸುವಾಗ ಆ ಪದ ಬಂದಿತು. ಅರ್ಥವೇನೆಂದು ಕೇಳಿದೆ. ತೊಣ್ಣೂರು ಕೆರೆಯ ಬಯಲಿನ ರೈತರ ಹುಡುಗನೊಬ್ಬ ಎದ್ದು, "ಹಿಮ ಬೀಳುತ್ತೆ ಅಂತ ಬರೆದು ಹಾಕೋ ಬೋರ್ಡು ಸಾರ್" ಎಂದ. ತರಗತಿಯೊಡನೆ ನಾನೂ ನಕ್ಕುಬಿಟ್ಟೆ. ಪರೀಕ್ಷೆಯವರೆಗೂ ಅವನು ಮತ್ತೆ ಉತ್ತರ ಹೇಳಲು ಏಳಲಿಲ್ಲ.

ಅವನ ಊಹೆಯಲ್ಲಿ ತರ್ಕವಿತ್ತು. ನಮ್ಮಲ್ಲಿ ಬೋರ್ಡೆಂದರೆ ಬರೆಯುವ, ಓದುವ ವಸ್ತು: ಶಾಲೆಯ ಬೋರ್ಡು, ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು. ಸ್ನೋಬೋರ್ಡ್ ಬೇರೆಯೇ ವಸ್ತು. ಸ್ಕೀಯಲ್ಲಿ ಒಂದೊಂದು ಪಾದಕ್ಕೆ ಒಂದೊಂದು ಪಟ್ಟಿ; ಸ್ನೋಬೋರ್ಡಿನಲ್ಲಿ ಎರಡು ಪಾದಗಳಿಗೂ ಒಂದೇ ಹಲಗೆ. ಅದರ ಮೇಲೆ ಓರೆಯಾಗಿ ನಿಂತು ಹಿಮದ ಇಳಿಜಾರಿನಲ್ಲಿ ಜಾರುತ್ತಾರೆ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪನ್ ಎಂಬುವರು ಮಗಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ ಆಟಿಕೆಯೇ ಇದರ ಪೂರ್ವರೂಪ.

ಗದ್ದೆಯ ಕೆಸರನ್ನು ಸಮ ಮಾಡುವಾಗ, ಎತ್ತುಗಳು ಎಳೆಯುವ ಹಲಗೆಯ ಮೇಲೆ ನಿಂತು ಜಾರಿದ್ದ ಹುಡುಗ ಅವನು! ಕರಾವಳಿಯ ಕಂಬಳದಲ್ಲಿ ಅಡ್ಡಹಲಗೆ ಎಂಬ ವಿಭಾಗವೇ ಇದೆ; ಕೋಣಗಳನ್ನು ಓಡಿಸುವವನು ಹಲಗೆಯ ಮೇಲೆ ನಿಂತೇ ಸಾಗುತ್ತಾನೆ. ಇಲ್ಲಿ ಎಳೆಯುವುದು ಎತ್ತು, ಕೋಣ; ಅಲ್ಲಿ ಎಳೆಯುವುದು ಇಳಿಜಾರು. ನಾನು ಗದ್ದೆಯಿಂದ ಪಾಠ ಆರಂಭಿಸಿದ್ದರೆ ಅರ್ಥ ಹೇಳುವ ಅಧಿಕಾರ ಅವನದೇ ಆಗುತ್ತಿತ್ತು.

ಇಂತಹ ಪದಗಳಿಗೆ 'ಹಿಮಫಲಕ'ದಂತಹ ಅನುವಾದ ಮಾಡುವ ಆಸೆ ಕೆಲವರಿಗೆ. ನಾಮಫಲಕ, ಸೂಚನಾಫಲಕಗಳನ್ನು ಓದಿ ಬೆಳೆದವರಿಗೆ ಹಿಮಫಲಕವೆಂದರೆ ಆ ಹುಡುಗ ಹೇಳಿದ ಬೋರ್ಡೇ ಕಣ್ಣಿಗೆ ಕಟ್ಟೀತು. ಪಂಡಿತರು ಟಂಕಿಸಿದರೆ ಪದ, ಹುಡುಗ ಹೇಳಿದರೆ ನಗೆಪಾಟಲೇ? ಬಸ್ಸು, ಸೈಕಲ್ಲುಗಳಂತೆ ಸ್ನೋಬೋರ್ಡೂ ಹಾಗೆಯೇ ಇರಲಿ. ಅರ್ಥವನ್ನು ಮಾತ್ರ 'ಹಿಮದಲ್ಲಿ ಜಾರುವ ಹಲಗೆ' ಎಂದು ನಮ್ಮ ಮಾತಿನಲ್ಲಿ ಹೇಳೋಣ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿಯೂ ಈ ಸ್ಪರ್ಧೆ ನಡೆಯುತ್ತಿರುವುದರಿಂದ ಮಕ್ಕಳು ಇನ್ನೂ ಕೇಳುವವರೇ.

ಮೊಮ್ಮಗಳಿಗೆ ಹೀಗೆಯೇ ಹೇಳಿದೆ. ಆ ಶಿಷ್ಯ ಇದನ್ನು ಓದುತ್ತಿದ್ದರೆ ಅವನಿಗೊಂದು ಮಾತು: ಮಗೂ, ಅಂದು ನಿನ್ನ ಉತ್ತರ ತಪ್ಪಾಗಿತ್ತು, ಯೋಚನೆ ತಪ್ಪಾಗಿರಲಿಲ್ಲ. ನಾನು ನಗಬಾರದಿತ್ತು.