ಕಾಲಿಲ್ಲದ ದೇವಪಕ್ಷಿ

1522ನೆಯ ಇಸವಿಯ ಸೆಪ್ಟೆಂಬರಿನಲ್ಲಿ ‘ವಿಕ್ಟೋರಿಯಾ’ ಎಂಬ ಹಡಗು ಭೂಪ್ರದಕ್ಷಿಣೆಯನ್ನು ಮುಗಿಸಿ ಸ್ಪೇನನ್ನು ಸೇರಿತು. ಅದರ ಒಡಲಲ್ಲಿ ಲವಂಗದ ರಾಶಿ; ಅದರೊಡನೆ ಮೊಲುಕ್ಕಾ ದ್ವೀಪಗಳ ಅರಸನೊಬ್ಬನು ಸ್ಪೇನಿನ ದೊರೆಗೆಂದು ಕಳುಹಿಸಿದ್ದ ಅಪೂರ್ವ ಪಕ್ಷಿಗಳ ಗರಿದೊಗಲು. ಮಲಯ ವರ್ತಕರು ಈ ಹಕ್ಕಿಯನ್ನು ‘ಮಾನುಕ್ ದೇವಾತ’ ಎನ್ನುತ್ತಿದ್ದರು. ಮಾನುಕ್ ಎಂದರೆ ಹಕ್ಕಿ. ದೇವಾತ ಎಂಬುದು ಸಂಸ್ಕೃತದ ದೇವತೆಯೇ. ಹೆಸರು ಎಷ್ಟು ದೂರ ಪಯಣ ಮಾಡಿತ್ತು, ನೋಡಿ!

ಬಳಿಕ ವ್ಯಾಪಾರದಲ್ಲಿ ಯೂರೋಪಿಗೆ ಬಂದ ತೊಗಲುಗಳಿಗೆ ಕಾಲೇ ಇರಲಿಲ್ಲ. ಪಂಡಿತರು ಬೆರಗಾದರು. ಕಾಲಿಲ್ಲವೆಂದ ಮೇಲೆ ಕೊಂಬೆಯ ಮೇಲೆ ಕೂಡುವುದೆಂತು? ಆದುದರಿಂದ ಅದು ಜೀವಮಾನವೆಲ್ಲ ಆಕಾಶದಲ್ಲಿಯೇ ಇರಬೇಕು. ಇಬ್ಬನಿಯೇ ಅದರ ಆಹಾರ. ಹೆಣ್ಣು ಮೊಟ್ಟೆಯಿಡುವುದು ಗಂಡಿನ ಬೆನ್ನಿನ ಕುಳಿಯಲ್ಲಿ. ಚಾತಕದ ಕಥೆಯನ್ನು ಬಲ್ಲವರಿಗೆ ಇದು ಅಷ್ಟೇನೂ ಹೊಸತಲ್ಲ. ಆದರೆ ಇಲ್ಲಿ ಕಥೆ ಕಟ್ಟಿದವರು ಕವಿಗಳಲ್ಲ, ಶಾಸ್ತ್ರಜ್ಞರು.

ಜೂರಿಕ್ಕಿನ ವೈದ್ಯ ಕಾನ್ರಾಡ್ ಗೆಸ್ನರನು 1555ರಲ್ಲಿ ಪ್ರಕಟಿಸಿದ ಪಕ್ಷಿಸಂಪುಟದಲ್ಲಿ, ಮರದ ಹಲಗೆಯಲ್ಲಿ ಕೊರೆದು ಅಚ್ಚೊತ್ತಿದ ಚಿತ್ರದಲ್ಲಿ, ಈ ಹಕ್ಕಿ ಕಾಲಿಲ್ಲದೆ ಗಾಳಿಯಲ್ಲಿ ತೇಲುತ್ತಿದೆ. ಅಂದಿನ ಚಿತ್ರಕಾರರನ್ನು ಸುಳ್ಳುಗಾರರೆನ್ನಲಾಗದು. ಪುರಾತನರ ಮಾತನ್ನು ಕಣ್ಮುಚ್ಚಿ ನಂಬದೆ, ಇದ್ದುದನ್ನು ಇದ್ದಂತೆ ಬರೆಯಬೇಕೆಂಬುದೇ ಆ ಯುಗದ ಹೊಸ ವ್ರತ. ವ್ರತಕ್ಕೆ ಭಂಗ ಬರಲಿಲ್ಲ. ಮುಂದಿದ್ದ ಮಾದರಿಯೇ ಮೊಟಕಾಗಿತ್ತು. ನ್ಯೂಗಿನಿಯ ಕಡೆಯ ಬೇಟೆಗಾರರು ತೊಗಲನ್ನು ಒಣಗಿಸುವ ಮುನ್ನ ಕಾಲುಗಳನ್ನು ಕತ್ತರಿಸಿ ತೆಗೆಯುತ್ತಿದ್ದರು. ಗರಿ ಕೊಳ್ಳುವವನಿಗೆ ಕಾಲಿನಿಂದೇನು ಪ್ರಯೋಜನ?

ಇದರಲ್ಲಿ ಅನ್ಯಾಯಕ್ಕೆ ಗುರಿಯಾದವನು ಪಿಗಫೆಟ್ಟ. ವಿಕ್ಟೋರಿಯಾದಲ್ಲಿ ಮರಳಿ ಬಂದ ಹದಿನೆಂಟು ಮಂದಿಯಲ್ಲಿ ಅವನೂ ಒಬ್ಬ. ಹಕ್ಕಿಗೆ ಲೇಖನಿಯಂತೆ ತೆಳುವಾದ ಕಾಲುಗಳಿವೆಯೆಂದು ತನ್ನ ಪ್ರವಾಸಕಥನದಲ್ಲಿ ಸ್ಪಷ್ಟವಾಗಿ ಬರೆದಿದ್ದ. ಬೊಲೋನ್ಯದ ಮಹಾಪಂಡಿತ ಆಲ್ಡ್ರೊವಾಂಡಿ 1599ರ ತನ್ನ ಪಕ್ಷಿಗ್ರಂಥದಲ್ಲಿ ಆ ಮಾತು ಸುಳ್ಳೆಂದು ತಳ್ಳಿಹಾಕಿದನು. ಮರುನುಡಿಯಲು ಪಿಗಫೆಟ್ಟ ಬದುಕಿರಲಿಲ್ಲ. ದ್ವೀಪಗಳಿಗೆ ಹೋಗಿ ಬಂದವನ ಸಾಕ್ಷ್ಯಕ್ಕಿಂತ ಮೇಜಿನ ಮೇಲಿನ ತೊಗಲಿಗೆ ಬೆಲೆ ಹೆಚ್ಚಾಯಿತು.

ಆರು ವರ್ಷಗಳಲ್ಲೇ, 1605ರಲ್ಲಿ, ಲೈಡನ್ನಿನ ಕ್ಲೂಸಿಯಸನು ಕಾಲುಳ್ಳ ಹಕ್ಕಿಗಳೂ ಹಾಲೆಂಡಿಗೆ ಬಂದಿವೆಯೆಂದು ಬರೆದನು. ಪಿಗಫೆಟ್ಟನ ಮಾತು ಗೆದ್ದಿತು. ಆದರೂ 1758ರಲ್ಲಿ ಲಿನೀಯಸನು ಈ ಕುಲದ ಒಂದು ಹಿರಿಯ ಜಾತಿಗೆ ಇಟ್ಟ ಹೆಸರು ‘ಪ್ಯಾರಡಿಸೀಯ ಅಪೋಡ’, ಎಂದರೆ ಕಾಲಿಲ್ಲದ ಸ್ವರ್ಗಪಕ್ಷಿ. ಕಾಡಿನಲ್ಲಿ ಗಂಡುಹಕ್ಕಿಗಳು ಗಟ್ಟಿಮುಟ್ಟಾದ ಕಾಲುಗಳಿಂದ ಕೊಂಬೆಯನ್ನು ಹಿಡಿದು, ಹೊನ್ನಿನ ಗರಿಗಳನ್ನು ಕೆದರಿ, ಹೆಣ್ಣಿನ ಮುಂದೆ ಕುಣಿಯುತ್ತವೆ. ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಅವುಗಳ ಹೆಸರು ಇಂದಿಗೂ ಅದೇ.