ಸಣ್ಣ ಬಂಡವಾಳದ ನವೋದ್ಯಮಕ್ಕೆ ಸಾರ್ವಜನಿಕ ಸಂಪರ್ಕ ಸಂಸ್ಥೆ ಅಗತ್ಯವೇ?

ಕಂಪ್ಲಿಯ ಅಕ್ಕಿ ಗಿರಣಿಯೊಂದು ಸ್ವಂತ ಹೆಸರಿನ ಚೀಲಗಳಲ್ಲಿ ಅಕ್ಕಿಯನ್ನು ಮಾರುಕಟ್ಟೆಗೆ ತರಲು ಹೊರಟಾಗ, ಅಥವಾ ಹೊಸಪೇಟೆಯಲ್ಲಿ ಹಂಪಿಯ ಪ್ರವಾಸಿಗರನ್ನು ನಂಬಿ ಹೊಸ ವಸತಿಗೃಹ ಆರಂಭವಾದಾಗ, ಮಾಲೀಕರಿಗೆ ದೊರೆಯುವ ಮೊದಲ ಸಲಹೆಗಳಲ್ಲಿ ಒಂದು, ಮಾಸಿಕ ಶುಲ್ಕದ ಮೇಲೆ ಸಾರ್ವಜನಿಕ ಸಂಪರ್ಕ ಸಂಸ್ಥೆಯನ್ನು ನೇಮಿಸಿಕೊಳ್ಳಿ ಎಂಬುದು. ಈ ಸಲಹೆಯನ್ನು ಒಪ್ಪುವ ಮುನ್ನ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ಒಳಿತು.

ಜಾಹೀರಾತಿಗೆ ಹಣ ತೆತ್ತವರಿಗೆ ಪತ್ರಿಕೆಯಲ್ಲಿ ಸ್ಥಳ ಖಚಿತ. ಸಾರ್ವಜನಿಕ ಸಂಪರ್ಕದಲ್ಲಿ ಶುಲ್ಕ ಮಾತ್ರ ಖಚಿತ. ಸುದ್ದಿಯ ಪ್ರಕಟಣೆ ಸಂಪಾದಕರ ವಿವೇಚನೆಗೆ ಸೇರಿದ್ದು. ಈ ವ್ಯತ್ಯಾಸವನ್ನು ಅರಿಯದೆ ಕರಾರಿಗೆ ಸಹಿ ಹಾಕುವವರೇ ಹೆಚ್ಚು.

ಉದಾಹರಣೆಗೆ, ತಿಂಗಳ ಶುಲ್ಕ 25,000 ರೂ. ಎಂದಿಟ್ಟುಕೊಂಡರೆ ವರ್ಷಕ್ಕೆ 3 ಲಕ್ಷ ರೂ. ಆಗುತ್ತದೆ. ಶೇ. 18ರ ಜಿಎಸ್‌ಟಿ 54,000 ರೂ. ಸೇರಿ ಒಟ್ಟು 3,54,000 ರೂ. 25 ಕಿಲೋವರೆಗಿನ, ಮುದ್ರಿತ ಚೀಟಿಯುಳ್ಳ ಅಕ್ಕಿ ಚೀಲಗಳಿಗೆ 2022ರ ಜುಲೈ 18ರಿಂದ ಶೇ. 5ರ ತೆರಿಗೆ ಇರುವುದರಿಂದ, ಅಂತಹ ಮಾರಾಟಗಾರರು ಈ 54,000 ರೂ.ಗಳ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಅದಕ್ಕಿಂತ ದೊಡ್ಡ ಚೀಲಗಳಲ್ಲಿ ತೆರಿಗೆರಹಿತವಾಗಿ ಮಾರುವ ಗಿರಣಿಗೆ ಆ ಸೌಲಭ್ಯವಿಲ್ಲ. ಪೂರ್ತಿ ಮೊತ್ತ ಖರ್ಚೇ. ನಿವ್ವಳ ಲಾಭ ಶೇ. 5 ಇದ್ದರೆ, ಈ ವೆಚ್ಚವನ್ನು ಭರಿಸಲು 70.80 ಲಕ್ಷ ರೂ. ಹೆಚ್ಚುವರಿ ಮಾರಾಟ ಆಗಬೇಕು. ಇಷ್ಟನ್ನೂ ದುಡಿಯುವ ಬಂಡವಾಳದ ಸಾಲದಿಂದ ತೆತ್ತರೆ ಬಡ್ಡಿಯೂ ಸೇರುತ್ತದೆ. ಭತ್ತದ ಖರೀದಿ ಕಾಲದಲ್ಲಿ ನಗದು ಕೊರತೆಯಾದರೆ ಪತ್ರಿಕೆಯ ತುಣುಕು ರೈತರ ಬಾಕಿಯನ್ನು ತೀರಿಸದು.

ಹಾಗೆಂದು ಪ್ರಚಾರವೇ ಬೇಡವೆಂದಲ್ಲ. ಸಂಡೂರಿನ ಲಂಬಾಣಿ ಕಸೂತಿಯನ್ನೇ ನೋಡಬಹುದು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆಯ ಸಂದರ್ಭದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಸೇರಿದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ವೇದಿಕೆಯನ್ನು ಸರ್ಕಾರ ಒದಗಿಸಿತು ಎಂಬುದು ನಿಜ. ಆದರೆ ತೋರಿಸಲು ಯೋಗ್ಯವಾದ ಕಸುಬು ಅದಕ್ಕೆ ಮೊದಲೇ ಇತ್ತು; ಭೌಗೋಳಿಕ ಸೂಚಕ ಮಾನ್ಯತೆಯೂ ಇತ್ತು. ಸರಕು ಮುಂದೆ, ಸುದ್ದಿ ಹಿಂದೆ ಎಂಬ ಕ್ರಮ ಇಲ್ಲಿ ಸ್ಪಷ್ಟ.

ಇನ್ನೊಂದು ಮುಖವೂ ಇದೆ. 2021ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಸಂಸ್ಥೆಯ ದೋಸೆ ಹಿಟ್ಟಿನಲ್ಲಿ ಪ್ರಾಣಿಜನ್ಯ ಪದಾರ್ಥವಿದೆ ಎಂಬ ಸುಳ್ಳು ವದಂತಿ ವಾಟ್ಸಾಪ್‌ನಲ್ಲಿ ಹರಡಿದಾಗ, ಸಂಸ್ಥೆ ಬಹಿರಂಗವಾಗಿ ನಿರಾಕರಿಸಿ ಸ್ಪಷ್ಟೀಕರಣ ನೀಡಬೇಕಾಯಿತು. ಇಂತಹ ವಿಪತ್ತಿನಲ್ಲಿ ತಡಮಾಡಿದಷ್ಟೂ ನಷ್ಟ ಹೆಚ್ಚು. ಅನುಭವಿಗಳ ನೆರವಿಗೆ ಕೊಟ್ಟ ಹಣ ವ್ಯರ್ಥವಾಗದು.

ಆದುದರಿಂದ ಮಧ್ಯಮ ಮಾರ್ಗವೇ ಲೇಸು. ಮೊದಲ ಎರಡು ವರ್ಷ ಮಾಸಿಕ ಕರಾರು ಬೇಡ. ಸ್ಥಳೀಯ ವರದಿಗಾರರ ಪರಿಚಯ, ವಸ್ತುಪ್ರದರ್ಶನಗಳಲ್ಲಿ ಮಳಿಗೆ, ಗ್ರಾಹಕರ ದೂರಿಗೆ ಅದೇ ದಿನ ಉತ್ತರ, ಇವನ್ನು ಮಾಲೀಕರೇ ಮಾಡಬಹುದು. ಉದ್ಯಮದ ಕಥೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೊಸ ನಗರದಲ್ಲಿ ಮಾರಾಟ ಆರಂಭ ಅಥವಾ ವದಂತಿಯ ನಿವಾರಣೆಯಂತಹ ನಿರ್ದಿಷ್ಟ ಕೆಲಸಕ್ಕೆ ಮಾತ್ರ, ನಿರ್ದಿಷ್ಟ ಮೊತ್ತಕ್ಕೆ, ಲಿಖಿತ ಕರಾರಿನೊಂದಿಗೆ ನೆರವು ಪಡೆಯಲಿ. ಕೆಲಸ ಮುಗಿದ ಮೇಲೆ ಎಷ್ಟು ಹೊಸ ವಿಚಾರಣೆ ಬಂತು, ಎಷ್ಟು ಬಿಲ್ಲಾಯಿತು ಎಂಬುದನ್ನು ಪ್ರತ್ಯೇಕ ಖಾತೆಯಲ್ಲಿ ಬರೆದಿಡಲಿ. ಮುಂದಿನ ವರ್ಷ ಆ ಖರ್ಚು ಬೇಕೇ ಬೇಡವೇ ಎಂಬುದನ್ನು ಆ ಖಾತೆಯೇ ನಿರ್ಣಯಿಸುತ್ತದೆ.